ಗಡುವು ಅವರದು, ತೋಟ ನಮ್ಮದು

(ಬಂಟ್ವಾಳ ತಾಲೂಕಿನ ನರಿಕೊಂಬಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



2019ನೇ ಇಸವಿಯ ಎರಡು ಸಂಗತಿಗಳನ್ನು ಜೊತೆಯಲ್ಲಿಟ್ಟು ನೋಡೋಣ. ಆ ವರ್ಷ ಜನವರಿ 15ರಂದು ಲಂಡನ್ನಿನ ಸಂಸತ್ತಿನಲ್ಲಿ ಪ್ರಧಾನಿ ಥೆರೇಸಾ ಮೇ ತಂದಿದ್ದ ಒಪ್ಪಂದದ ಪರ 202 ಮತ, ವಿರುದ್ಧ 432 ಮತ ಬಿತ್ತು. ಯುರೋಪ್ ಒಕ್ಕೂಟವನ್ನು ಯಾವ ಷರತ್ತಿನ ಮೇಲೆ ಬಿಡಬೇಕು ಎಂಬ ಒಪ್ಪಂದ ಅದು. ಅದೇ ವರ್ಷ ನವೆಂಬರ್ 4ರಂದು ಬ್ಯಾಂಕಾಕಿನ ಶೃಂಗಸಭೆಯಲ್ಲಿ ಭಾರತ ಆರ್‌ಸಿಇಪಿ ಎಂಬ ಏಷ್ಯಾದ ವ್ಯಾಪಾರ ಕೂಟಕ್ಕೆ ಸೇರುವುದಿಲ್ಲ ಎಂದು ಹೇಳಿ ಎದ್ದುಬಂತು. ಒಂದು ದೇಶ 1973ರಿಂದ ಒಳಗಿದ್ದ ಕೂಟದಿಂದ ಹೊರಬರುವ ದಾರಿ ಕಾಣದೆ ಒದ್ದಾಡುತ್ತಿತ್ತು. ಇನ್ನೊಂದು ದೇಶ ವರ್ಷಗಟ್ಟಲೆ ಮಾತುಕತೆ ನಡೆಸಿ ಸಹಿಯ ಹೊತ್ತಿಗೆ ಹಿಂದೆ ಸರಿಯಿತು. ಮೊದಲನೆಯದನ್ನು ಜಗತ್ತೆಲ್ಲ ಟಿ.ವಿ.ಯಲ್ಲಿ ನೋಡಿತು. ಎರಡನೆಯದು ನಮ್ಮ ಹಟ್ಟಿಗೂ ತೋಟಕ್ಕೂ ನೇರವಾಗಿ ಸಂಬಂಧಿಸಿದ್ದು. ಆದರೆ ಸಂಜೆ ಹಾಲು ಅಳೆಸಲು ಸೊಸೈಟಿಗೆ ಹೋದವರಿಗೆ ಅದು ತಿಳಿದದ್ದು ಎಲ್ಲ ಮುಗಿದ ಮೇಲೆ.

ಒಕ್ಕೂಟದಲ್ಲಿ ಇರುವುದು ಸರಿಯೋ ಬಿಡುವುದು ಸರಿಯೋ ಎಂಬ ವಾದವನ್ನು ನಾನು ಇಲ್ಲಿ ಮಾಡುವುದಿಲ್ಲ. ಎರಡಕ್ಕೂ ಕಾರಣಗಳಿವೆ, ಎರಡರಿಂದಲೂ ಬದುಕಿದವರಿದ್ದಾರೆ. ನನ್ನನ್ನು ಕಾಡಿರುವುದು ನಡುವಿನ ಕಾಲ. ನಾಳೆ ಯಾವ ನಿಯಮ ಎಂದು ಯಾರೂ ಹೇಳದ ಆ ಕಾಲದ ನಷ್ಟವನ್ನು ಕಟ್ಟುವವರು ಯಾರು? ಎದ್ದು ಬೇರೆ ಕಡೆ ಹೋಗಲಾರದವರು. ಲಂಡನ್ನಿನ ಬ್ಯಾಂಕು ತನ್ನ ಒಂದು ವಿಭಾಗವನ್ನು ಫ್ರಾಂಕ್‌ಫರ್ಟಿಗೋ ಡಬ್ಲಿನ್ನಿಗೋ ಸಾಗಿಸಬಹುದು. ವೇಲ್ಸಿನ ಗುಡ್ಡದಲ್ಲಿ ಕುರಿ ಸಾಕುವವನು ಗುಡ್ಡವನ್ನು ಸಾಗಿಸಲಾರ. ನೇತ್ರಾವತಿಯ ದಂಡೆಯಲ್ಲಿ ಅಡಿಕೆ ಇಟ್ಟವನ ಸ್ಥಿತಿಯೂ ಅದೇ.

ಬ್ರಿಟನ್ನಿನ ಕಥೆಯನ್ನು ಚುರುಕಾಗಿ ಹೇಳಿಬಿಡುತ್ತೇನೆ. 2016ರ ಜೂನ್ 23ರಂದು ಅಲ್ಲಿ ಜನಮತಗಣನೆ ನಡೆಯಿತು. ಇರಬೇಕೋ, ಬಿಡಬೇಕೋ ಎಂಬ ಒಂದೇ ಪ್ರಶ್ನೆ. ಬಿಡಬೇಕು ಎಂದವರು ನೂರಕ್ಕೆ 51.9, ಇರಬೇಕು ಎಂದವರು 48.1. ಆದರೆ ಸ್ಕಾಟ್ಲೆಂಡಿನಲ್ಲಿ ನೂರಕ್ಕೆ 62 ಮಂದಿ ಇರಬೇಕು ಎಂದಿದ್ದರು, ಉತ್ತರ ಐರ್ಲೆಂಡಿನಲ್ಲೂ ಹೆಚ್ಚಿನವರು ಹಾಗೆಯೇ ಹೇಳಿದ್ದರು. ಬಿಟ್ಟ ಮೇಲೆ ಸುಂಕದ ಕೂಟದಲ್ಲಿ ಉಳಿಯುವುದೇ, ಒಂದೇ ಮಾರುಕಟ್ಟೆಯಲ್ಲಿ ಉಳಿಯುವುದೇ, ಎರಡನ್ನೂ ಬಿಡುವುದೇ ಎಂದು ಮತಪತ್ರ ಕೇಳಿರಲಿಲ್ಲ. ಕೇಳದೆ ಬಿಟ್ಟ ಆ ಪ್ರಶ್ನೆಗಳು ಮೂರೂವರೆ ವರ್ಷ ಸಂಸತ್ತನ್ನು ತಿಂದವು. ಹೊರಬರುವ ದಿನ 2019ರ ಮಾರ್ಚ್ 29 ಎಂದಿತ್ತು. ಅದು ಏಪ್ರಿಲ್ 12ಕ್ಕೆ ಹೋಯಿತು, ಅಲ್ಲಿಂದ ಅಕ್ಟೋಬರ್ 31ಕ್ಕೆ, ಕೊನೆಗೆ 2020ರ ಜನವರಿ 31ಕ್ಕೆ. ಆ ಮಾರ್ಚಿನಲ್ಲಿ ಈ ನಿರ್ಗಮನವನ್ನೇ ರದ್ದುಮಾಡಿ ಎಂದು 60 ಲಕ್ಷಕ್ಕೂ ಹೆಚ್ಚು ಜನ ಮನವಿಗೆ ಸಹಿ ಹಾಕಿದರು. ಇನ್ನೊಂದು ಕಡೆ, ಮತ ಹಾಕಿ ಇಷ್ಟು ಕಾಲವಾದರೂ ಯಾಕೆ ಹೊರಬಂದಿಲ್ಲ ಎಂದು ಸಿಟ್ಟಾದವರೂ ಅಷ್ಟೇ ದೊಡ್ಡ ಸಂಖ್ಯೆಯಲ್ಲಿದ್ದರು. ಸಂಸತ್ತಿನ ಅಧಿವೇಶನವನ್ನು ಪ್ರಧಾನಿ ಬೋರಿಸ್ ಜಾನ್ಸನ್ ನಿಲ್ಲಿಸಿದ್ದು ಕಾನೂನುಬಾಹಿರ ಎಂದು ಸೆಪ್ಟೆಂಬರ್ 24ರಂದು ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಡಿಸೆಂಬರಿನ ಚುನಾವಣೆಯಲ್ಲಿ, ಇದನ್ನೊಮ್ಮೆ ಮುಗಿಸಿಬಿಡೋಣ ಎಂಬ ಘೋಷಣೆಗೆ 365 ಸ್ಥಾನ ಸಿಕ್ಕಿತು.

ಈ ಕೊನೆಯ ಮಾತಿನ ಮುಂದೆ ನಾವು ಸ್ವಲ್ಪ ನಿಲ್ಲಬೇಕು. ಆ ಚುನಾವಣೆಯಲ್ಲಿ ಗೆದ್ದದ್ದರಲ್ಲಿ ದೊಡ್ಡ ಪಾಲು ದಣಿವಿನದ್ದು ಎಂದು ನನಗೆ ಅನ್ನಿಸುತ್ತದೆ. ಬೇಸತ್ತ ಜನ ಯಾವ ಕೊನೆಯನ್ನಾದರೂ ಒಪ್ಪುತ್ತಾರೆ. ಷರತ್ತು ಏನು ಎಂದು ಕೇಳುವ ತ್ರಾಣ ಅವರಲ್ಲಿ ಉಳಿದಿರುವುದಿಲ್ಲ. ಇದು ಪ್ರಜಾಪ್ರಭುತ್ವಕ್ಕೆ ಅಪಾಯದ ಸ್ಥಿತಿ, ಮತ್ತು ಅನಿಶ್ಚಿತತೆಯನ್ನು ಎಳೆದಷ್ಟೂ ಅದು ತಾನಾಗಿ ಬರುತ್ತದೆ.

ವೇಲ್ಸಿನ ಕುರಿ ಸಾಕಣೆಗಾರನ ವಿಷಯಕ್ಕೆ ಮತ್ತೆ ಬರುತ್ತೇನೆ. ಬ್ರಿಟನ್ನಿನಿಂದ ರಫ್ತಾಗುವ ಕುರಿಮಾಂಸದ ಬಹುಪಾಲು ಯುರೋಪಿಗೇ ಹೋಗುತ್ತದೆ. ವೇಲ್ಸ್ ಒಟ್ಟಾರೆ ಬಿಡುವುದಕ್ಕೇ ಮತ ಹಾಕಿದ ನಾಡು. ಮಾರ್ಚ್ 29ರ ಗಡುವು ಬಂದದ್ದು ಕುರಿ ಮರಿಹಾಕುವ ಕಾಲಕ್ಕೆ. ಟಗರು ಬಿಟ್ಟದ್ದು ಹಿಂದಿನ ಶರತ್ಕಾಲದಲ್ಲಿ. ಅಂದರೆ ಯಾವ ಸುಂಕಕ್ಕೆ ಮಾರಬೇಕು ಎಂದು ತಿಳಿಯುವ ಮೊದಲೇ ಮರಿ ಹೊಟ್ಟೆಯಲ್ಲಿತ್ತು. ಒಪ್ಪಂದವಿಲ್ಲದೆ ಹೊರಬಿದ್ದಿದ್ದರೆ ಆ ಮಾಂಸಕ್ಕೆ ಭಾರೀ ಸುಂಕ ಬೀಳುತ್ತಿತ್ತು. ಒಕ್ಕೂಟ ಬಿಟ್ಟ ಮೇಲೆ ಯುರೋಪಿನ ಕೃಷಿ ಸಹಾಯಧನವೂ ಹೋಯಿತು. ಅದರ ಬದಲಿಗೆ ಇಂಗ್ಲೆಂಡಿನ ರೈತರಿಗೆಂದು ತಂದ ಯೋಜನೆಗಳಲ್ಲಿ ಒಂದನ್ನು 2025ರ ಮಾರ್ಚ್ 11ರಂದು ಸರಕಾರ ಹೊಸ ಅರ್ಜಿಗಳಿಗೆ ಏಕಾಏಕಿ ಮುಚ್ಚಿತು. ಮುನ್ಸೂಚನೆಯೇ ಇರಲಿಲ್ಲ. ಹೊರಬಂದದ್ದು 2020ರಲ್ಲಿ. ಆದರೆ ಗಡುವಿನ ಕಾಟ ಅಲ್ಲಿಗೆ ಮುಗಿಯಲಿಲ್ಲ.

ಈಗ ನಮ್ಮ ಕಡೆಗೆ ಬರೋಣ. ಒಂದು ಕೂಟದಿಂದ ಕಿತ್ತು ಇನ್ನೊಂದಕ್ಕೆ ಸೇರಿಸಿದ ಅನುಭವ ಈ ಸೀಮೆಗೆ ಹೊಸತಲ್ಲ. 1834ರಲ್ಲಿ ಈಸ್ಟ್ ಇಂಡಿಯಾ ಕಂಪೆನಿ ಕೊಡಗಿನ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿತು. ಕೊಡಗಿನ ಆಳ್ವಿಕೆಯಲ್ಲಿದ್ದ ಅಮರ ಸುಳ್ಯ, ಪುತ್ತೂರು ಸೀಮೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಅರಸರ ಕಾಲದಲ್ಲಿ ರೈತರು ಕಂದಾಯವನ್ನು ಬೆಳೆಯ ರೂಪದಲ್ಲಿ ಕೊಡುತ್ತಿದ್ದರು. ಕಂಪೆನಿ ನಗದು ಕೇಳಿತು. ನಗದು ಬೇಕೆಂದರೆ ಕೊಯ್ಲಾದ ಕೂಡಲೇ, ಎಲ್ಲರೂ ಮಾರುವ ಹೊತ್ತಿನಲ್ಲೇ ಮಾರಬೇಕು, ಇಲ್ಲವೇ ಸಾಲ ಎತ್ತಬೇಕು. ಉಪ್ಪು, ಹೊಗೆಸೊಪ್ಪಿನ ಮೇಲಿನ ಕಂಪೆನಿಯ ಏಕಸ್ವಾಮ್ಯವೂ ಮೇಲೆ ಬಂದು ಕೂತಿತು. 1837ರ ಏಪ್ರಿಲಿನಲ್ಲಿ ಕಲ್ಯಾಣಸ್ವಾಮಿಯ ಹೆಸರಿನಲ್ಲಿ ಎದ್ದ ರೈತರು ಮಂಗಳೂರಿನವರೆಗೆ ಬಂದು ಬಾವುಟಗುಡ್ಡೆಯಲ್ಲಿ ತಮ್ಮ ಧ್ವಜ ಏರಿಸಿ 13 ದಿನ ಊರನ್ನು ಹಿಡಿದಿಟ್ಟರು. ಇಲ್ಲೇ ಪಕ್ಕದ ನಂದಾವರದ ಲಕ್ಷ್ಮಪ್ಪ ಬಂಗರಸ ಅವರ ಜೊತೆ ಸೇರಿದವನು. ಅದಕ್ಕಾಗಿ ಗಲ್ಲಿಗೇರಿದವನು. ಆ ದಂಗೆಯ ಮುಂದಾಳು ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ 2022ರಲ್ಲಿ ಬಾವುಟಗುಡ್ಡೆಯಲ್ಲಿ ನಿಂತಿತು, ಸಂತೋಷ. ಆದರೆ ಆ ದಂಗೆಯನ್ನು ಬರೀ ಶೌರ್ಯದ ಕಥೆಯಾಗಿ ಹೇಳುವಾಗ ಅದರೊಳಗಿನ ಲೆಕ್ಕ ಮರೆತುಹೋಗುತ್ತದೆ. ಯಾವ ನಾಣ್ಯದಲ್ಲಿ, ಯಾವ ತಿಂಗಳಿನಲ್ಲಿ, ಯಾರಿಗೆ ಕೊಡಬೇಕು ಎಂಬ ನಿಯಮವನ್ನು ಕೇಳದೆ ಬದಲಿಸಿದರೆ ಏನಾಗುತ್ತದೆ ಎಂಬುದು ಆ ಲೆಕ್ಕ.

1956ರ ನವೆಂಬರ್ 1ರಂದು ಇನ್ನೊಂದು ಗೆರೆ ಬಿತ್ತು. ದಕ್ಷಿಣ ಕನ್ನಡ ಮದ್ರಾಸ್ ರಾಜ್ಯವನ್ನು ಬಿಟ್ಟು ಮೈಸೂರಿಗೆ ಸೇರಿತು, ಕಾಸರಗೋಡು ಕೇರಳಕ್ಕೆ ಹೋಯಿತು. ಚಂದ್ರಗಿರಿಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಎಂದು ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಿತು. ಅದು ಜಾರಿಯಾಗಲಿಲ್ಲ. ನಮ್ಮ ಬಂಟ್ವಾಳ ತಾಲೂಕಿಗೇ ಆ ಗಡಿ ತಾಗಿದೆ. ವಿಟ್ಲದಿಂದ ಅಡ್ಯನಡ್ಕ ದಾಟಿ ಸಾರಡ್ಕಕ್ಕೆ ಹೋದರೆ ಮುಂದೆ ಪೆರ್ಲ, ಕೇರಳ. ಅಲ್ಲಿಯವರ ಅಡಿಕೆ ಇಲ್ಲಿಯ ಮಂಡಿಗೆ ಬರುತ್ತದೆ, ಇಲ್ಲಿಯ ಹೆಣ್ಣು ಅಲ್ಲಿಯ ಮನೆಗೆ ಹೋಗುತ್ತಾಳೆ. ದಿನನಿತ್ಯ ಗಡಿ ಕಾಣುವುದಿಲ್ಲ. 2020ರ ಮಾರ್ಚಿನಲ್ಲಿ ಕೊರೊನಾ ಬಂದಾಗ ಕಂಡಿತು. ತಲಪಾಡಿಯಲ್ಲಿ ಕಾಸರಗೋಡಿನಿಂದ ಬರುವ ದಾರಿಯನ್ನು ಮುಚ್ಚಲಾಯಿತು, ಗಡಿಯ ಒಳದಾರಿಗಳಿಗೆ ಮಣ್ಣು ಸುರಿಯಲಾಯಿತು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ರೋಗಿಗಳು ಆಚೆ ಉಳಿದರು, ಕೆಲವರು ತೀರಿಕೊಂಡರು. ವಿಷಯ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ಬ್ರೆಕ್ಸಿಟ್ ಮಾತುಕತೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಗಂಟಾದದ್ದು ಉತ್ತರ ಐರ್ಲೆಂಡಿನ ಗಡಿ ಯಾಕೆ ಎಂದು ಕಾಸರಗೋಡಿನವರಿಗೆ ವಿವರಿಸಿ ಹೇಳಬೇಕಾಗಿಲ್ಲ. 1998ರ ಶಾಂತಿ ಒಪ್ಪಂದದ ನಂತರ ಅಲ್ಲಿಯ ಜನ ಆ ಗೆರೆಯನ್ನು ಮರೆತು ಓಡಾಡುತ್ತಿದ್ದರು. ಗೇಟು ಮತ್ತೆ ಬರುತ್ತದೋ ಎಂಬ ಹೆದರಿಕೆ ಅವರಿಗೆ ಹಣದ ಹೆದರಿಕೆಗಿಂತ ದೊಡ್ಡದಾಗಿತ್ತು.

ಇನ್ನು ಅಡಿಕೆ. ಇಲ್ಲಿ ನಾನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಸಹಿಸಿಕೊಳ್ಳಬೇಕು.

ವಿಟ್ಲದಲ್ಲಿ 1956ರಲ್ಲೇ ಕೇಂದ್ರ ಅಡಿಕೆ ಸಂಶೋಧನಾ ಕೇಂದ್ರ ಶುರುವಾಯಿತು. ಈಗ ನಿಮ್ಮಲ್ಲಿ ಅನೇಕರ ತೋಟದಲ್ಲಿರುವ ಮಂಗಳ ತಳಿ 1972ರಲ್ಲಿ ಅಲ್ಲಿಂದಲೇ ಬಂತು. ಅದರ ಮೂಲ ಚೀನಾ. ಗಿಡ ಬೇಕಾದಷ್ಟು ಸಿಕ್ಕಿತು, ಮುಂದೆ ಫಸಲೂ ಹೆಚ್ಚಿತು. ಆದರೆ ತಳಿ ಬಂದ ಆ ವರ್ಷಗಳಲ್ಲೇ ಧಾರಣೆ ಕುಸಿಯಿತು. ಕೊಳ್ಳುವವರು ಬಾಗಿಲು ಹಾಕಿದರೆ ಬೆಳೆಗಾರನಿಗೆ ಬೇರೆ ದಾರಿಯೇ ಇರಲಿಲ್ಲ. ಆಗ ವಾರಣಾಶಿ ಸುಬ್ರಾಯ ಭಟ್ಟರು ಮುಂದೆ ನಿಂತು 1973ರ ಜುಲೈಯಲ್ಲಿ ಕ್ಯಾಂಪ್ಕೊ ಕಟ್ಟಿದರು. ಕರ್ನಾಟಕ, ಕೇರಳ ಎರಡೂ ರಾಜ್ಯಗಳ ಬೆಳೆಗಾರರ ಒಂದೇ ಸಹಕಾರಿ ಸಂಸ್ಥೆ ಅದು. ಗೆರೆ ಬಿದ್ದು 17 ವರ್ಷವಾದ ಮೇಲೆ, ಗೆರೆಯ ಎರಡೂ ಕಡೆಯ ರೈತರು ಸೇರಿ ಕಟ್ಟಿದ ಮಾರುಕಟ್ಟೆ. ಇದಕ್ಕಿಂತ ದೊಡ್ಡ ರಾಜಕೀಯ ಬುದ್ಧಿವಂತಿಕೆಯನ್ನು ಈ ಜಿಲ್ಲೆಯಲ್ಲಿ ನಾನು ಕಂಡಿಲ್ಲ. ಬ್ರಿಟನ್ ಯುರೋಪಿನ ಕೂಟಕ್ಕೆ ಸೇರಿದ್ದೂ ಆ ವರ್ಷವೇ, ಜನವರಿ 1ಕ್ಕೆ. ಅವರು 47 ವರ್ಷದಲ್ಲಿ ಹೊರಬಂದರು. ಕ್ಯಾಂಪ್ಕೊ ಉಳಿದಿದೆ, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೂ ತೆರೆದು ಕೊಕ್ಕೊ ಬೆಳೆಗಾರನನ್ನೂ ಹಿಡಿದುಕೊಂಡಿತು.

ಸಂಸ್ಥೆ ಎಷ್ಟೇ ಗಟ್ಟಿಯಾದರೂ ಆಮದಿನ ನಿಯಮ ಅದರ ಕೈಯಲ್ಲಿಲ್ಲ. ಶ್ರೀಲಂಕಾದ ಜೊತೆಗಿನ ಮುಕ್ತ ವ್ಯಾಪಾರ ಒಪ್ಪಂದಕ್ಕೆ ಸಹಿ ಬಿದ್ದದ್ದು 1998ರ ಡಿಸೆಂಬರಿನಲ್ಲಿ, ಜಾರಿಗೆ ಬಂದದ್ದು 2000ದ ಮಾರ್ಚಿನಲ್ಲಿ. ಅಡಿಕೆಗೆ ನೂರಕ್ಕೆ ನೂರು ಸುಂಕವಿದ್ದರೂ ಬೇರೆ ದೇಶದ ಮಾಲು ಶ್ರೀಲಂಕಾದ ಚೀಟಿ ಹಿಡಿದು ರಿಯಾಯಿತಿಯಲ್ಲಿ ಬರುತ್ತದೆ ಎಂಬುದು ನಮ್ಮ ಬೆಳೆಗಾರರ ಹಳೆಯ ದೂರು. ಇದನ್ನು ತಡೆಯಲು ಕನಿಷ್ಠ ಆಮದು ಬೆಲೆ ಎಂಬ ಕಟ್ಟೆ ಕಟ್ಟಿದರು. ಕಿಲೋಗೆ 251 ರೂಪಾಯಿ ಇದ್ದದ್ದನ್ನು 2023ರ ಫೆಬ್ರವರಿಯಲ್ಲಿ 351ಕ್ಕೆ ಏರಿಸಿದರು. ಒಳ್ಳೆಯದಾಯಿತು. ಆದರೆ ಅದಕ್ಕೆ ಐದೇ ತಿಂಗಳು ಮೊದಲು, 2022ರ ಸೆಪ್ಟೆಂಬರಿನಲ್ಲಿ, ಭೂತಾನದಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಈ ಕನಿಷ್ಠ ಬೆಲೆಯ ಕಟ್ಟಿಲ್ಲದೆ ತರಬಹುದು ಎಂಬ ಆದೇಶ ಬಂದಿತ್ತು. ಮ್ಯಾನ್ಮಾರಿನಿಂದ ಈಶಾನ್ಯದ ಗಡಿಯಲ್ಲಿ ಕಳ್ಳದಾರಿಯಲ್ಲಿ ಬರುವುದು ಬೇರೆಯೇ ಲೆಕ್ಕ. ಭೂತಾನದ ಆ ಪ್ರಮಾಣ ನಮ್ಮ ದೇಶದ ಒಟ್ಟು ಬೆಳೆಯ ಮುಂದೆ ದೊಡ್ಡದಲ್ಲ ಎಂದು ದೆಹಲಿಯಲ್ಲಿ ಹೇಳಬಹುದು. ಆದರೆ ಬಿಸಿಲಿನಲ್ಲಿ ಒಣಗಿಸಿ ಚಾಲಿ ಮಾಡಿ, ಹೊಸ ಅಡಿಕೆಯನ್ನು ಮಾರದೆ, ಹಳೆ ಅಡಿಕೆಯಾದ ಮೇಲೆ ಹೆಚ್ಚು ಸಿಗಲಿ ಎಂದು ಗೋಣಿಯಲ್ಲಿ ಕಟ್ಟಿಟ್ಟವನು ಆದೇಶದ ಟನ್ನನ್ನು ನೋಡುವುದಿಲ್ಲ. ಮುಂದಿನ ಆದೇಶ ಯಾವುದು ಎಂದು ನೋಡುತ್ತಾನೆ. ಅವನು ಹೆದರಿ ಮಾರಿದರೆ ಧಾರಣೆ ಅಷ್ಟಕ್ಕೇ ಬೀಳುತ್ತದೆ. ಭೂತಾನದ ಒಂದು ಗೋಣಿಯೂ ಮಂಗಳೂರಿಗೆ ಬಂದಿರಬೇಕೆಂದಿಲ್ಲ.

ಅಡಿಕೆ ಗಿಡ ಫಲಕ್ಕೆ ಬರಲು ಐದಾರು ವರ್ಷ ಬೇಕು. ಆಮೇಲೆ ಅದು ಮೂವತ್ತು ನಲವತ್ತು ವರ್ಷ ಕೊಡುತ್ತದೆ. ಅಷ್ಟರಲ್ಲಿ ಕೊಳೆರೋಗ ಇದೆ, ಮೈಲುತುತ್ತಿನ ಖರ್ಚು ಇದೆ, ಸುಳ್ಯದ ಕಡೆಯ ಹಳದಿ ಎಲೆ ರೋಗ, ಈಚೆಗೆ ಎಲೆಚುಕ್ಕಿ, ಮರ ಹತ್ತುವವರ ಕೊರತೆ. ಆರೋಗ್ಯದ ಪ್ರಶ್ನೆಯೂ ಇದೆ. ಅಡಿಕೆ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧನಾ ಅಂಗ 2004ರಲ್ಲೇ ಹೇಳಿದೆ, ಅದನ್ನು ಮುಚ್ಚಿಟ್ಟು ಮಾತಾಡುವುದು ಸರಿಯಲ್ಲ. ಬೇರೆ ಬೆಳೆಗೆ ಹೋಗಬೇಕಾದೀತು. ಆದರೆ ಹೋಗುವುದಕ್ಕೂ ಕಾಲ ಬೇಕು, ಎಷ್ಟು ಕಾಲ ಎಂದು ತಿಳಿದಿರಬೇಕು.

ಇನ್ನು ಹಾಲು. ಆರ್‌ಸಿಇಪಿ ಮಾತುಕತೆಯ ಕಾಲದಲ್ಲಿ ಹಾಲಿನ ವಿಷಯದಲ್ಲಿ ನಮಗೆ ಹೆದರಿಕೆಯಿದ್ದದ್ದು ನ್ಯೂಜಿಲೆಂಡಿನ ಹಾಲಿನ ಪುಡಿಯ ಬಗ್ಗೆ. ಆ ಹೆದರಿಕೆಗೆ ಬಹಳ ಉದ್ದದ ಬೇರಿದೆ. ಒಂದು ಕಾಲದಲ್ಲಿ ನ್ಯೂಜಿಲೆಂಡಿನ ಬೆಣ್ಣೆ, ಚೀಸ್, ಕುರಿಮಾಂಸಕ್ಕೆ ಬ್ರಿಟನ್ನೇ ದೊಡ್ಡ ಗಿರಾಕಿ. 1973ರಲ್ಲಿ ಬ್ರಿಟನ್ ಯುರೋಪಿನ ಸುಂಕದ ಬೇಲಿಯೊಳಗೆ ಹೋದಾಗ ಆ ಮಾರುಕಟ್ಟೆ ವರ್ಷದಿಂದ ವರ್ಷಕ್ಕೆ ಕಿರಿದಾಯಿತು. ಅವರು ಬೇರೆ ಕಡೆ, ಏಷ್ಯಾದ ಕಡೆ ತಿರುಗಿದರು. ಅದೇ ನ್ಯೂಜಿಲೆಂಡ್ ಆರ್‌ಸಿಇಪಿಯ ಮೇಜಿನಲ್ಲಿ ನಮ್ಮ ಎದುರು ಕೂತಿತ್ತು. ಲಂಡನ್ನಿನಲ್ಲಿ ಆದ ಒಂದು ತೀರ್ಮಾನದ ಅಲೆ ನರಿಕೊಂಬಿನ ಹಟ್ಟಿಯ ಬಾಗಿಲಿಗೆ ಬರಲು 46 ವರ್ಷ ಹಿಡಿಯಿತು. ಭಾರತ ಹಿಂದೆ ಸರಿದ ದಿನ ರೈತ ಸಂಘಟನೆಗಳು ದೇಶದ ಹಲವು ಕಡೆ ಬೀದಿಯಲ್ಲಿದ್ದವು. ಹಿಂದೆ ಸರಿದದ್ದು ಸರಿ ಎಂದೇ ನನ್ನ ಅಭಿಪ್ರಾಯ. ಉಳಿದ 15 ದೇಶಗಳು 2020ರ ನವೆಂಬರಿನಲ್ಲಿ ಸಹಿ ಹಾಕಿದವು, 2022ರ ಜನವರಿಯಿಂದ ಅದು ಜಾರಿಯಲ್ಲಿದೆ. ಆದರೆ ನಮ್ಮವರ ಆ ದಿನದ ಸಮಾಧಾನದಲ್ಲಿ ತಿಳಿವಳಿಕೆ ಇರಲಿಲ್ಲ. ಕರಡು ಗುಟ್ಟಾಗಿತ್ತು. ಯಾವ ವಸ್ತುವಿಗೆ ಎಷ್ಟು ಸುಂಕ ಇಳಿಸಲು ಒಪ್ಪಿದ್ದರು, ಯಾವುದನ್ನು ಹೊರಗಿಟ್ಟಿದ್ದರು ಎಂದು ಬೆಳೆಗಾರರಿಗೆ ಯಾರೂ ಹೇಳಲಿಲ್ಲ. ಬಾರದ ಅಪಾಯದ ಅಳತೆ ಗೊತ್ತಿಲ್ಲದೆ ನಾವು ಪಾರಾದೆವು.

ನಮ್ಮ ಸಂವಿಧಾನದಲ್ಲಿ ಒಂದು ವಿಚಿತ್ರ ಹೊಂದಾಣಿಕೆ ಇದೆ. ಕೇಂದ್ರ ಪಟ್ಟಿಯ 14ನೇ ವಿಷಯ ವಿದೇಶಗಳ ಜೊತೆಗಿನ ಒಪ್ಪಂದ. ರಾಜ್ಯ ಪಟ್ಟಿಯ 14ನೇ ವಿಷಯ ಕೃಷಿ. ಮೊದಲನೆಯದನ್ನು ಹಿಡಿದವರು ಎರಡನೆಯದರ ಹಣೆಬರಹ ಬರೆಯುತ್ತಾರೆ. ಸಹಿಗೆ ಸಂಸತ್ತಿನ ಒಪ್ಪಿಗೆ ಬೇಕಾಗಿಲ್ಲ, ರಾಜ್ಯ ವಿಧಾನಸಭೆಯನ್ನು ಕೇಳಬೇಕಾಗಿಲ್ಲ. ಬ್ರಿಟನ್ನಿನಲ್ಲಿ ಸರಕಾರ ತಾನೊಂದೇ ಮುಂದುವರಿಯಲು ಹೊರಟಾಗ, ಸಂಸತ್ತಿನ ಮತವಿಲ್ಲದೆ ನಿರ್ಗಮನದ ನೋಟಿಸು ಕೊಡುವಂತಿಲ್ಲ ಎಂದು 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆಯಿತು. ಒಪ್ಪಂದಗಳನ್ನು 21 ಅಧಿವೇಶನ ದಿನ ಸಂಸತ್ತಿನ ಮುಂದೆ ಇಡಬೇಕೆಂದು ಅವರ 2010ರ ಕಾನೂನು ಹೇಳುತ್ತದೆ. ಅವರು ಜನರನ್ನು ಕೇಳಿದ ಪ್ರಶ್ನೆ ತೀರಾ ಮೊಟಕಾಗಿತ್ತು, ನಿಜ. ಆದರೂ ಕೇಳಿದರು, ಜಗಳವಾಡಿದರು, ಜಗಳ ಎಲ್ಲರಿಗೂ ಕೇಳಿಸಿತು. ಆ ಗದ್ದಲ ಮತ್ತು ನಮ್ಮ ಮೌನ, ಎರಡರಲ್ಲಿ ಒಂದನ್ನು ಆರಿಸು ಎಂದರೆ ನಾನು ಗದ್ದಲವನ್ನೇ ಆರಿಸುತ್ತೇನೆ. ಕೇರಳದಲ್ಲಿ, ಆಗ್ನೇಯ ಏಷ್ಯಾದ ಆಸಿಯಾನ್ ಕೂಟದ ಜೊತೆಗಿನ ವ್ಯಾಪಾರ ಒಪ್ಪಂದದ ವಿರುದ್ಧ 2009ರ ಅಕ್ಟೋಬರ್ 2ರಂದು ಕಾಸರಗೋಡಿನಿಂದ ತಿರುವನಂತಪುರದವರೆಗೆ ಮಾನವ ಸರಪಳಿ ಕಟ್ಟಿದರು. ಅದನ್ನು ಕಟ್ಟಿದ ಪಕ್ಷದ ರಾಜಕೀಯ ಒಪ್ಪಿಗೆಯಾಗದಿರಬಹುದು, ಆದರೆ ಮೆಣಸು, ರಬ್ಬರಿನ ಧಾರಣೆ ಒಂದು ರಾಜ್ಯದ ಸಾರ್ವಜನಿಕ ಚರ್ಚೆಯಾಯಿತು. ಸಾರಡ್ಕದ ಈಚೆ ಅಡಿಕೆ ನಮ್ಮಲ್ಲಿ ಆ ಮಟ್ಟದ ಚರ್ಚೆಯಾದದ್ದು ಕಡಿಮೆ. ಚುನಾವಣೆಯ ಹೊತ್ತಿನಲ್ಲಿ ಭರವಸೆಯಾಗುತ್ತದೆ, ಅಷ್ಟೆ.

ಬ್ರಿಟನ್ ಈಗ ನಮ್ಮ ನೇರ ಪಾಲುದಾರ. 2022ರ ಜನವರಿಯಲ್ಲಿ ಮಾತುಕತೆ ಶುರುವಾಗಿ, ಆ ವರ್ಷದ ದೀಪಾವಳಿಗೆ ಮುಗಿಸುತ್ತೇವೆ ಎಂದರು. ಆ ಒಂದೇ ವರ್ಷದಲ್ಲಿ ಅಲ್ಲಿ ಮೂವರು ಪ್ರಧಾನಿಗಳಾದರು. ಸಹಿ ಬಿದ್ದದ್ದು 2025ರ ಜುಲೈ 24ಕ್ಕೆ. ಹಾಲಿನ ಪದಾರ್ಥಗಳನ್ನು ನಾವು ಹೊರಗಿಟ್ಟಿದ್ದೇವೆ. ವ್ಯಾಪಾರಕ್ಕಿಂತ ಹೆಚ್ಚಾಗಿ ಈ ಜಿಲ್ಲೆಯ ಮನೆಗಳಿಗೆ ತಟ್ಟಿರುವುದು ವೀಸಾ. ಯುರೋಪಿನವರು ಮುಕ್ತವಾಗಿ ಬರುವುದು ನಿಂತ ಮೇಲೆ ಅಲ್ಲಿನ ಆಸ್ಪತ್ರೆ, ಆರೈಕೆ ಮನೆಗಳು ನಮ್ಮ ಕಡೆ ನೋಡಿದವು. ಮಂಗಳೂರಿನಲ್ಲಿ ನರ್ಸಿಂಗ್ ಓದಿದವರು ಹೋದರು. 2024ರ ಮಾರ್ಚಿನಿಂದ ಆರೈಕೆ ಕೆಲಸದವರು ಗಂಡ, ಮಕ್ಕಳನ್ನು ಕರೆದೊಯ್ಯುವಂತಿಲ್ಲ ಎಂದರು. 2025ರ ಜುಲೈಯಲ್ಲಿ ಹೊರದೇಶದಿಂದ ಆ ಕೆಲಸಕ್ಕೆ ಹೊಸ ನೇಮಕಾತಿಯನ್ನೇ ನಿಲ್ಲಿಸಿದರು. ತೋಟ ಅಡವಿಟ್ಟು ಏಜೆಂಟನಿಗೆ ಹಣ ಕಟ್ಟಿದ ಮನೆಗೆ ಈ ದಿನಾಂಕಗಳು ಮೊದಲೇ ತಿಳಿದಿರಲಿಲ್ಲ.

ನಾನು ಕೇಳುವುದು ಮೂರು ಸಂಗತಿ. ಬಹುವಾರ್ಷಿಕ ಬೆಳೆಯ ಆಮದಿಗೆ ಸಂಬಂಧಿಸಿದ ಯಾವುದೇ ಆದೇಶದಲ್ಲಿ ಅದು ಎಷ್ಟು ವರ್ಷಕ್ಕೆ, ಯಾವಾಗ ಮರುಪರಿಶೀಲನೆ ಎಂದು ಬರೆದಿರಬೇಕು. ಸಹಿಗೆ ಮೊದಲು ಆ ಬೆಳೆಯ ಭಾಗ ಸಂಸತ್ತಿನ ಸಮಿತಿಯ ಮುಂದೂ, ಬೆಳೆಯುವ ರಾಜ್ಯಗಳ ವಿಧಾನಸಭೆಯ ಮುಂದೂ ಬರಬೇಕು. ಬಂದದ್ದನ್ನು ಕನ್ನಡದಲ್ಲಿ, ಮಲಯಾಳದಲ್ಲಿ, ಅಸ್ಸಾಮಿಯಲ್ಲಿ ಬೆಳೆಗಾರನಿಗೆ ಕೊಡಬೇಕು. ಸರಕಾರ ಯಾವ ಪಕ್ಷದ್ದೇ ಆಗಿರಲಿ, ಇದನ್ನು ಮಾಡಲು ಹೊಸ ಹಣ ಬೇಡ.

ಈ ಪಠ್ಯವನ್ನು ಅಚ್ಚಿಗೆ ಕೊಡುವ ಮೊದಲು ನಿಮ್ಮಿಂದ ಒಂದು ಸಹಾಯ ಬೇಕು. 2022ರ ಸೆಪ್ಟೆಂಬರಿನಲ್ಲಿ ಭೂತಾನದ ಸುದ್ದಿ ಬಂದಾಗ ಹಳೆ ಅಡಿಕೆ ಕಟ್ಟಿಟ್ಟಿದ್ದವರು ಸಭೆಯಲ್ಲಿದ್ದರೆ, ನೀವು ಮಾರಿದಿರೋ, ತಡೆದಿರೋ, ಎಷ್ಟಕ್ಕೆ ಕೊಟ್ಟಿರಿ, ಯಾರ ಮಾತು ಕೇಳಿ ನಿರ್ಧಾರ ಮಾಡಿದಿರಿ ಎಂದು ಬರೆದುಕೊಡಿ. ಚೀಟಿ ಇದ್ದರೆ ಅದರ ಪ್ರತಿಯೂ ಸಾಕು. ಮುಂದಿನ ಸಲ ದೆಹಲಿಯಲ್ಲಿ ಯಾರಾದರೂ ಈ ಆದೇಶದಿಂದ ಏನೂ ಆಗಲಿಲ್ಲ ಎಂದರೆ, ಅವರ ಮುಂದಿಡಲು ಅವು ಬೇಕು.